ಕಾಲುಂಗುರಕ್ಕೆ ಒಂದು ತಂಬಿಗೆ ನೀರು

ನನಗೊಂದು ರೋಗವಿದೆ. ‘ನಾನೇ ಮಾಡತೇನಿ’ ಎಂಬ ಮಾತು ಒಮ್ಮೆ ಬಾಯಿಂದ ಬಿತ್ತೆಂದರೆ ಅದನ್ನು ಹಿಂದಕ್ಕೆ ನುಂಗಲು ನನ್ನಿಂದಾಗದು. ನಮ್ಮ ಮನೆಯ ಮಿಕ್ಸರು ತೀರಿಕೊಂಡದ್ದು ಹೀಗೆಯೇ. ಬಚ್ಚಲಿನ ನಲ್ಲಿ ನನ್ನ ಕೈಗುಣ ನೆನೆದು ಈಗಲೂ ಹನಿಹನಿಯಾಗಿ ಅಳುತ್ತಿದೆ. ಯಾರಾದರೂ ‘ಬ್ಯಾಡ್ರಿ’ ಎಂದರೆ ಸಾಕು, ನನ್ನ ಮುಖ ಕೆಂಪಗಾಗುತ್ತದೆ. ಆಗ ನನ್ನ ಹೆಂಡತಿ ಗಿರಿಜಾ ವಾದಕ್ಕೆ ನಿಲ್ಲುವುದಿಲ್ಲ. ಒಂದು ತಂಬಿಗೆ ನೀರು ತಂದು ಮುಂದಿಟ್ಟು ತನ್ನ ಕೆಲಸಕ್ಕೆ ಹೋಗುತ್ತಾಳೆ. ಎಂಥ ಸಮಾಧಾನದ ಹೆಂಗಸು ಎಂದು ನಾನು ಇಷ್ಟು ವರ್ಷ ಮೆಚ್ಚಿಕೊಂಡೇ ಬಂದಿದ್ದೆ.

ಈ ಸಲದ ಗಂಡಾಂತರ ಅವಳ ಕಾಲುಂಗುರದ್ದು. ಮದುವೆಯಲ್ಲಿ ತೊಟ್ಟ ಬೆಳ್ಳಿಯ ಕಾಲುಂಗುರಗಳು ಸವೆದು ದಾರದಂತಾಗಿದ್ದವು. ಗರಗದ ಊರಲ್ಲಿ ಅವಳ ತಂಗಿಯ ಮಗಳ ಕುಬಸ ಬಂತು. ಬಸುರಿ ಹುಡುಗಿಗೆ ಉಡಿ ತುಂಬುವಾಗ ದೊಡ್ಡವ್ವನದೇ ಮೊದಲ ಕೈ. ಅಷ್ಟರೊಳಗೆ ಅಕ್ಕಸಾಲಿಗರಿಗೆ ಕೊಟ್ಟು ಹೊಸದಾಗಿ ಮಾಡಿಸೋಣ ಎಂದಳು. ನಾನೋ ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಆಯುಷ್ಯವಿಡೀ ಕಬ್ಬಿಣ ಬಡಿದವನು. ಲಾರಿಯ ಸ್ಪ್ರಿಂಗ್ ಪಟ್ಟಿಗೆ ಹೆದರದವನು ಕಾಲ್ಬೆರಳಿನ ಉಂಗುರಕ್ಕೆ ಹೆದರಲೇ? ಇವನ್ನೇ ಕರಗಿಸಿ, ಇನ್ನಷ್ಟು ಬೆಳ್ಳಿ ಕೂಡಿಸಿ, ನಾನೇ ಮಾಡತೇನಿ ಎಂದೆ. ತಂಬಿಗೆ ಬಂತು. ಅಂದು ನಾನು ಅದನ್ನು ಮುಟ್ಟಲಿಲ್ಲ.

“ಮದುವಿ ಉಂಗುರ ಅವು. ಕೆಡಿಸಿದ್ರಿ ಅಂದ್ರ ಬರೇ ಬೆರಳಿಲೆ ಉಡಿ ತುಂಬಾಕ ನಾ ಗರಗಕ್ಕ ಹೋಗಂಗಿಲ್ಲ ನೋಡ್ರಿ,” ಎಂದಳು ಗಿರಿಜಾ, ಕಾಲುಂಗುರ ಬಿಚ್ಚಿ ನನ್ನ ಕೈಗಿಡುತ್ತ.

ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ, ಗ್ಯಾಸ್ ಟಾರ್ಚ್ ಹಚ್ಚಿ ಬೆಳ್ಳಿಯನ್ನು ಕರಗಿಸಿ ಕಡ್ಡಿಯಾಗಿ ಎರೆದೆ. ಇಲ್ಲಿಯವರೆಗೆ ಛಲೋ ಆಯಿತು. ಕಬ್ಬಿಣವನ್ನು ನಾವು ಕೆಂಪಗಿರುವಾಗಲೇ ಬಡಿಯುವುದು. ಆ ರೂಢಿಯಲ್ಲೇ ಕೆಂಪು ಬೆಳ್ಳಿಗೆ ಒಂದೇಟು ಹಾಕಿದೆ. ಚಕ್ಕುಲಿ ಮುರಿದಂತೆ ಚೂರುಚೂರಾಯಿತು. ಮತ್ತೆ ಕರಗಿಸಿದೆ. ಈ ಸಲ ಬೆಂಕಿಯ ಸಹವಾಸವೇ ಬೇಡವೆಂದು ತಣ್ಣಗಿದ್ದುದನ್ನೇ ಬಡಿದೆ. ಮೊದಮೊದಲು ಮಾತು ಕೇಳಿತು. ಆಮೇಲೆ ಬಡಿದಷ್ಟೂ ಸೆಟೆದುಕೊಂಡಿತು. ನಾನೂ ಬಿಡಲಿಲ್ಲ, ಅದೂ ಬಿಡಲಿಲ್ಲ. ಕಡೆಗೆ ಅಂಚು ಸೀಳಿತು. ಗಿರಿಜಾ ಬಾಗಿಲಲ್ಲಿ ನಿಂತು ಒಮ್ಮೆ ಬೆಳ್ಳಿಯನ್ನು, ಒಮ್ಮೆ ತನ್ನ ಬರಿಯ ಬೆರಳುಗಳನ್ನು ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ನನ್ನ ಹಟ ಮಾತ್ರ ಇಳಿಯಲಿಲ್ಲ.

ಮತ್ತೊಂದು ಕಡ್ಡಿ ಎರೆದು, ತುಸು ಬಡಿದು, ಬಿರುಸಾದ ಕೂಡಲೇ ಕಾಯಿಸಿದೆ. ಬೆಳ್ಳಿ ಕೆಂಪಾಯಿತು, ನಾನೂ ಕೆಂಪಾದೆ. ಗಿರಿಜಾ ಎಂದಿನಂತೆ ತಂಬಿಗೆ ತಂದಳು. ನೀರು ಗೀರು ಏನೂ ಬೇಡ, ಒಳಗೆ ನಡಿ ಎಂದು ಗದರಿ, ಮೊದಲಿನ ಪಾಠ ಮರೆತು ಸುತ್ತಿಗೆ ಎತ್ತಿದೆ. ಅವಳಿಗೂ ಸಿಟ್ಟು ಬಂದಿರಬೇಕು. “ನೀವು ಕುಡೀದಿದ್ರ ಇದಾದ್ರೂ ಕುಡೀಲಿ,” ಎಂದವಳೇ ತಂಬಿಗೆಯನ್ನು ಬೆಳ್ಳಿಯ ಮೇಲೆ ಬೋರಲು ಹಾಕಿದಳು. ಚುಂಯ್ ಎಂದಿತು. ನಾನು ತಲೆಯ ಮೇಲೆ ಕೈ ಹೊತ್ತೆ. ಕಾಯ್ದ ಉಕ್ಕನ್ನು ನೀರಿಗೆ ಹಾಕಿದರೆ ಕಲ್ಲಿನಂತೆ ಗಟ್ಟಿಯಾಗುವುದನ್ನು ಕಂಡವನಲ್ಲವೇ ನಾನು? ಮುಗಿಯಿತು ಕಥೆ ಎಂದು ಸಿಟ್ಟಿನಲ್ಲೇ ಒಂದೇಟು ಹಾಕಿದೆ. ಬೆಳ್ಳಿ ಕಣಕದ ಹಿಟ್ಟಿನ ಹಾಗೆ ಮೆತ್ತಗೆ ಬಗ್ಗಿತು.

ಆಮೇಲೆ ಕೆಲಸ ಲಗೂ ಸಾಗಿತು. ಕಾಯಿಸುವುದು, ನೀರು ಹಾಕುವುದು, ತಣ್ಣಗಾದ ಮೇಲೆ ಹಗುರಾಗಿ ಬಡಿಯುವುದು, ಸೆಟೆದುಕೊಂಡಿತೋ ಸುತ್ತಿಗೆ ಕೆಳಗಿಟ್ಟು ಮತ್ತೆ ಕಾಯಿಸುವುದು. ಕಡ್ಡಿಯನ್ನು ದುಂಡು ಸರಳಿಗೆ ಸುತ್ತಿ, ಬೆರಳಿಗೆ ತಕ್ಕಂತೆ ಒತ್ತಿಕೊಳ್ಳಲು ತುದಿಗಳನ್ನು ಬಿಡಿಯಾಗಿಯೇ ಬಿಟ್ಟೆ. ಎರಡರಲ್ಲಿ ಒಂದು ತುಸು ಸೊಟ್ಟ. ಗಿರಿಜಾ ತೊಟ್ಟು, ಕಾಲು ಮುಂದೆ ಚಾಚಿ ಬಹಳ ಹೊತ್ತು ನೋಡಿಕೊಂಡಳು.

ಗರಗದಲ್ಲಿ ಉಡಿ ತುಂಬಿದ ಮೇಲೆ ಹೆಂಗಸರು ಕಾಲುಂಗುರ ಎಲ್ಲಿಯವು ಎಂದು ಕೇಳಿದರಂತೆ. “ನಮ್ಮ ಮನ್ಯಾವ್ರು ಮಾಡ್ಯಾರ,” ಎಂದಳಂತೆ. ಇದನ್ನು ವಾಪಸು ಬರುವ ಬಸ್ಸಿನಲ್ಲಿ ಅವಳಿಂದ ಕೇಳಿ ನಾನು ಉಬ್ಬಿಹೋದೆ. ಹುಟ್ಟುವ ಕೂಸಿನ ಕಾಲ್ಗಡಗವನ್ನೂ ನಾನೇ ಮಾಡತೇನಿ ಎಂದೆ. ಅವನ್ನು ಅಂಗಡಿಯಲ್ಲೇ ತರೋಣ, ಬೇಡ ಎಂದಳು. ನನ್ನ ಮುಖ ಕೆಂಪೇರಿತು. ಅವಳು ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟಳು. ಗಟಗಟ ಕುಡಿದೆ. ಹುಬ್ಬಳ್ಳಿಯಲ್ಲಿ ಇಳಿದು, ದೇಶಪಾಂಡೆ ನಗರದ ಬೆಳ್ಳಿ ಅಂಗಡಿಯೊಂದರಲ್ಲಿ ಅವಳ ಪಕ್ಕ ಕುಳಿತು ಕಾಲ್ಗಡಗ ಆರಿಸುತ್ತಿರುವಾಗ ನನಗೆ ಹೊಳೆಯಿತು: ಕೆಂಪಾದದ್ದಕ್ಕೆ ನೀರು ಹಾಕಿ ಬಗ್ಗಿಸುವ ಈ ವಿದ್ಯೆಯನ್ನು ಅವಳು ಬೆಳ್ಳಿಯ ಮೇಲೆ ಕಲಿತದ್ದಲ್ಲ.