ಎರಡರ ಮಗ್ಗಿ, ಒಂದು ಸಾಬೂನು

‘ಕೈ ತೊಳೆದುಕೊಂಡು ಬೆನ್ನು ಹತ್ತಿದ್ದಾನೆ’ ಎಂದು ಕನ್ನಡದಲ್ಲಿ ಒಂದು ಮಾತಿದೆ. ಅದನ್ನು ಮೊದಲು ಆಡಿದವರು ಯಾರೋ ಗೊತ್ತಿಲ್ಲ, ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಂತೂ ಅಲ್ಲ. ಜನ ಬೆನ್ನು ಹತ್ತುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗ್ಯಾಸ್ ಸಿಲಿಂಡರಿಗೆ ಹತ್ತುತ್ತಾರೆ, ಮಗಳಿಗೊಂದು ವರ ಹುಡುಕಲು ಹತ್ತುತ್ತಾರೆ, ಟೆಲಿಫೋನಿನ ಲೈನ್‌ಮನ್ ಹಿಂದೆ ಹತ್ತುತ್ತಾರೆ. ಆದರೆ ಅದಕ್ಕೆ ಮುಂಚೆ ಸರಿಯಾಗಿ ಕೈ ತೊಳೆದುಕೊಂಡವರನ್ನು ನೋಡಿಲ್ಲ. ನಲ್ಲಿಯ ಕೆಳಗೆ ಬೆರಳ ತುದಿ ಹಿಡಿದು, ತೀರ್ಥ ತೆಗೆದುಕೊಂಡಷ್ಟು ನೀರು ಸೋಕಿಸಿ, ಸೆರಗಿಗೋ ಧೋತರಕ್ಕೋ ಒರೆಸಿಕೊಂಡುಬಿಟ್ಟರೆ ನಮ್ಮಲ್ಲಿ ಕೈ ತೊಳೆದ ಶಾಸ್ತ್ರ ಮುಗಿಯಿತು. ಸಾಬೂನೇನಿದ್ದರೂ ಮುಖಕ್ಕೆ. ಮುಖವನ್ನು ನಾಲ್ಕು ಜನ ನೋಡುತ್ತಾರಲ್ಲ!

ಇಷ್ಟು ಖಚಿತವಾಗಿ ಹೇಳುತ್ತಿರುವುದಕ್ಕೆ ಕಾರಣ, ನಾನು ನರ್ಸು. ಹುಬ್ಬಳ್ಳಿಯಲ್ಲಿ ಕಲಿತು, ಮದುವೆಯಾಗಿ ಪುಣೆಗೆ ಬಂದೆ. ಯಜಮಾನರು ಚಾಕಣದ ಒಂದು ಕಾರ್ಖಾನೆಗೆ ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದರು. ನಾನು ಕೋಥರೂಡಿನ ಒಳಗಿನ ರಸ್ತೆಯೊಂದರಲ್ಲಿದ್ದ ವೃದ್ಧಾಶ್ರಮಕ್ಕೆ ನಡೆದುಕೊಂಡು ಹೋಗುತ್ತಿದ್ದೆ. ಹಳೆಯ ಬಂಗಲೆ, ಅಂಗಳದಲ್ಲೊಂದು ಪಾರಿಜಾತ, ವರಾಂಡದಲ್ಲಿ ಸಾಲಾಗಿ ಆರಾಮ ಕುರ್ಚಿಗಳು. ವೃದ್ಧರ ಆರೈಕೆಗೆ ಇದ್ದ ಹೆಂಗಸರನ್ನು ಎಲ್ಲರೂ ‘ಮಾವಶಿ’ ಎನ್ನುತ್ತಿದ್ದರು, ಮರಾಠಿಯಲ್ಲಿ ಚಿಕ್ಕಮ್ಮ ಎಂದು. ಅವರ ಮೇಲೆ ನಾನು ಸಿಸ್ಟರ್. ಚಿಕ್ಕಮ್ಮಂದಿರ ಮೇಲೆ ಅಕ್ಕ ಅಧಿಕಾರ ನಡೆಸುವ ಸಂಸಾರ ಹೇಗಿರುತ್ತದೆ, ನೀವೇ ಊಹಿಸಿಕೊಳ್ಳಿ.

ಅವರಲ್ಲಿ ಹಿರಿಯಳು ಹಿರಾಬಾಯಿ. ಭೋರ್ ಕಡೆಯವಳು, ಎತ್ತರದ ಆಳು, ಮಾತು ಕಡಿಮೆ. ನಾನು ಬರುವುದಕ್ಕಿಂತ ಎಷ್ಟೋ ವರ್ಷ ಮೊದಲಿನಿಂದ ಅಲ್ಲಿದ್ದಳು. ನಮ್ಮಲ್ಲಿ ಜೋಶಿ ಕಾಕಾ ಎಂಬ ಒಬ್ಬ ವೃದ್ಧರಿದ್ದರು. ಅವರಿಗೆ ನೆನಪು ಹೋಗಿತ್ತು, ಅದರ ಹಿಂದೆಯೇ ಮಾತೂ ಹೋಗಿತ್ತು. ಯಾರು ತುತ್ತು ಹಿಡಿದರೂ ಹಲ್ಲು ಕಚ್ಚಿ ಕೂರುವರು. ಹಿರಾಬಾಯಿ ಎದುರು ಕೂತು ಮೆಲ್ಲಗೆ ‘ಆ ಕರಾ’, ಆ ಮಾಡಿ, ಅಂದರೆ ಮಾತ್ರ ಗುಬ್ಬಿಮರಿಯ ಹಾಗೆ ಬಾಯಿ ತೆರೆಯುವರು. ಇನ್ನೊಬ್ಬಳು ಮಲ್ಲಮ್ಮ, ಯಾದಗಿರಿ ಕಡೆಯವಳು. ಅವಳ ಗಂಡ ಆಗಷ್ಟೇ ಏಳುತ್ತಿದ್ದ ಮಗರಪಟ್ಟಾದ ಕಟ್ಟಡಗಳಲ್ಲಿ ಗಾರೆ ಕೆಲಸಕ್ಕಿದ್ದ. ಇಡೀ ಆಶ್ರಮದಲ್ಲಿ ನನ್ನೊಡನೆ ಕನ್ನಡ ಆಡುವವಳು ಅವಳೊಬ್ಬಳೇ. ಹಾಗಾಗಿ ಅವಳನ್ನು ನಾನು ಬೈಯುತ್ತಿದ್ದುದೂ ಹೆಚ್ಚು, ಹಚ್ಚಿಕೊಂಡದ್ದೂ ಹೆಚ್ಚು.

ಒಂದು ಮಳೆಗಾಲದಲ್ಲಿ ನಮ್ಮಲ್ಲಿ ಭೇದಿ ಶುರುವಾಯಿತು. ಇವತ್ತು ಒಬ್ಬರಿಗೆ, ನಾಳೆ ಪಕ್ಕದ ಮಂಚದವರಿಗೆ. ಜೋಶಿ ಕಾಕಾ ಅಂತೂ ಒಣಗಿದ ಎಲೆಯಂತಾದರು. ಆಸ್ಪತ್ರೆಗೆ ಸೇರಿಸಿ ಸಲೈನ್ ಏರಿಸಿ ಉಳಿಸಿಕೊಂಡು ಬಂದೆವು. ನೀರು ಪರೀಕ್ಷೆ ಮಾಡಿಸಿದೆವು, ಅಡುಗೆಮನೆ ತಿಕ್ಕಿಸಿದೆವು. ಕೊನೆಗೆ ವಾರಕ್ಕೊಮ್ಮೆ ಬರುವ ಡಾಕ್ಟರು ನನ್ನನ್ನು ಬದಿಗೆ ಕರೆದು, “ಕೈ, ಸಿಸ್ಟರ್, ಕೈ! ಒಬ್ಬರ ಬಟ್ಟೆ ಬದಲಿಸಿದ ಕೈಯಿಂದ ಇನ್ನೊಬ್ಬರಿಗೆ ಊಟ ಹೋಗುತ್ತಿದೆ. ಇನ್ನೊಂದು ಸುತ್ತು ಬಂದರೆ ಈ ಮೈಗಳು ತಡೆಯೋದಿಲ್ಲ. ಎಲ್ಲರಿಗೂ ಕೈ ತೊಳೆಯೋದು ಕಲಿಸಿ,” ಎಂದರು.

ಕಲಿಸುವುದು ಎಂಬ ಶಬ್ದ ಕೇಳಿದ ಕೂಡಲೇ ನನ್ನ ತಲೆಗೆ ಕೊಂಬು ಬಂತು. ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು, ಊಟದ ಹಾಲ್‌ನಲ್ಲಿ ಮಾವಶಿಯರನ್ನೆಲ್ಲ ಕೂರಿಸಿ, ಮರಾಠಿಯಲ್ಲಿ ಭಾಷಣ ಆರಂಭಿಸಿದೆ. ನನ್ನ ಮರಾಠಿ ತರಕಾರಿ ತರಲು ಸಾಕು, ಜಗಳಕ್ಕೆ ಧಾರಾಳವಾಗಿ ಸಾಕು, ಭಾಷಣಕ್ಕೆ ಮಾತ್ರ ಸಾಲದು. ಆ ಭಾಷೆಯಲ್ಲಿ ಕೈ ಗಂಡು, ಮುಷ್ಟಿ ಹೆಣ್ಣು, ಬೆರಳು ಎರಡೂ ಅಲ್ಲ. ನಾನು ‘ಅಂಗಠಾ ಧುತಲೀ’ ಅಂದೆನೋ ಇಲ್ಲವೋ, ಹಿಂದಿನ ಗಾಲಿಕುರ್ಚಿಯಿಂದ “ಧುತಲಾ! ಹೆಬ್ಬೆರಳು ಪುಲ್ಲಿಂಗ!” ಎಂದು ಗುಡುಗು ಬಂತು. ಅದು ಗೋಡಬೋಲೆ ಆಜಿ. ಜೀವಮಾನವೆಲ್ಲ ಶಾಲೆಯಲ್ಲಿ ಮರಾಠಿ ಕಲಿಸಿದವರು, ಮೂಗಿಗೆ ಸದಾ ನಶ್ಯ ಏರಿಸುವವರು, ಹೋಗಿಬರುವವರಿಗೆಲ್ಲ ತಮ್ಮ ಡಬ್ಬಿಯಿಂದ ಶೇಂಗಾ ಉಂಡೆ ಹಂಚುವವರು. ಅಲ್ಲಿಂದ ಮುಂದೆ ನಾನು ಒಂದು ವಾಕ್ಯ ಆಡುವುದು, ಅವರು ಅದನ್ನು ತಿದ್ದುವುದು, ಮಾವಶಿಯರು ಸೆರಗಿನಲ್ಲಿ ನಗುವುದು. ಕೈಯ ಸುದ್ದಿ ಕೈಬಿಟ್ಟು ವ್ಯಾಕರಣದ ಪಾಠ ನಡೆಯಿತು.

ಸಾಲದ್ದಕ್ಕೆ, ಕೈಮೇಲೆ ಕಣ್ಣಿಗೆ ಕಾಣದ ‘ಜಂತು’ ಇರುತ್ತವೆ ಅಂದೆ. ಮರಾಠಿಯಲ್ಲಿ ಅದು ರೋಗಾಣು. ಮಲ್ಲಮ್ಮ ಮಾತ್ರ ನಮ್ಮ ಕಡೆಯ ಜಂತುಹುಳವನ್ನೇ ನೆನೆಸಿಕೊಂಡು ಎದ್ದು ನಿಂತುಬಿಟ್ಟಳು.

“ನನ್ನ ಕೈಯಾಗ ಹುಳ ಅದಾವಂತೀರೇನ್ರೀ ಅಕ್ಕಾರ? ದಿನಾ ರೊಟ್ಟಿ ಬಡೀತೀನ್ರೀ ಈ ಕೈಲೆ!”

“ಹುಳ ಅಲ್ಲ ಮಲ್ಲಮ್ಮ, ಭಾಳ ಸಣ್ಣವು, ಕಾಣಂಗಿಲ್ಲ.”

“ಕಾಣಂಗಿಲ್ಲಾಂದ್ರ ನಿಮಗ ಹ್ಯಾಂಗ ಕಂಡವ್ರೀ?”

ಇಂಥ ಪ್ರಶ್ನೆಗೆ ನರ್ಸಿಂಗ್ ಕಾಲೇಜಿನಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಸರಿ, ಕಾಣುವಂತೆಯೇ ಮಾಡಿ ತೋರಿಸೋಣ ಎಂದು ಹೊರಟೆ ನೋಡಿ, ಅಲ್ಲಿ ಎಡವಿದೆ. ಮರುದಿನ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಎಲ್ಲರ ಕೈಗೆ ಹಚ್ಚಿದೆ. ತೊಳೆದ ಮೇಲೆ ಎಲ್ಲಿ ಹಳದಿ ಉಳಿಯುತ್ತದೋ ಅಲ್ಲಿ ಸಾಬೂನು ತಲುಪಿಲ್ಲ ಎಂದು ಲೆಕ್ಕ. ಪರೀಕ್ಷಕರಾಗಿ ಗೋಡಬೋಲೆ ಆಜಿಯನ್ನು ಕೂರಿಸಿದೆ. ಹಾಗಾದರೂ ಅವರ ಬಾಯಿ ನನ್ನ ವ್ಯಾಕರಣವನ್ನು ಬಿಟ್ಟೀತು ಎಂಬ ದುರಾಸೆ. ಹಸೆಮಣೆ ಏರಿ ಇಳಿದವಳಾದ ನನಗೆ, ಅರಿಶಿನ ಎಷ್ಟು ತಿಕ್ಕಿದರೂ ಚರ್ಮ ಬಿಡುವುದಿಲ್ಲ ಎಂಬುದು ಹೊಳೆಯಲೇ ಇಲ್ಲ. ಒಬ್ಬೊಬ್ಬರೂ ತೊಳೆದು ಬಂದು ಕೈ ಚಾಚಿದರು, ಎಲ್ಲರದೂ ಹಳದಿ. ಆಜಿ ಕನ್ನಡಕ ಏರಿಸಿ, ಹಳೆಯ ಹುರುಪಿನಲ್ಲಿ, “ನಾಪಾಸ್! ನಾಪಾಸ್!” ಎನ್ನುತ್ತ ಹೋದರು. ಹಿರಾಬಾಯಿ ಮೊಣಕೈವರೆಗೆ ತಿಕ್ಕಿ ತೊಳೆದು ಬಂದಿದ್ದಳು. ಅವಳ ಕೈ ಹಿಡಿದು ಆಚೀಚೆ ತಿರುಗಿಸಿ, ವರಾಂಡದ ವೃದ್ಧರೆಲ್ಲ ನೋಡುತ್ತಿದ್ದಂತೆ, “ಇಷ್ಟು ವರ್ಷ ಇದೇ ಕೈಯೇನೇ ಎಲ್ಲರಿಗೂ ಉಣಿಸಿದ್ದು?” ಎಂದುಬಿಟ್ಟರು ಆಜಿ.

ಹಿರಾಬಾಯಿ ಏಪ್ರನ್ ಬಿಚ್ಚಿದಳು, ಮಡಚಿ ಮೇಜಿನ ಮೇಲಿಟ್ಟಳು, ಚಪ್ಪಲಿ ಮೆಟ್ಟಿ ಹೊರಟೇಹೋದಳು.

ಆ ಸಂಜೆ ಜೋಶಿ ಕಾಕಾ ಊಟ ಮಾಡಲಿಲ್ಲ. ಮೊದಲೇ ಭೇದಿಯಿಂದ ಬಸವಳಿದ ಜೀವ. ನಾನು ‘ಆ ಕರಾ’ ಎಂದೆ. ಹಾಡಿದೆ, ಬೇಡಿದೆ, ನಾನೇ ಬಾಯಿ ತೆರೆದು ತೋರಿಸಿದೆ. ಅವರ ಕಣ್ಣು ಬಾಗಿಲ ಕಡೆಗೇ ಇತ್ತು. ಮರುದಿನ ಬೆಳಗಿನ ಗಂಜಿಗೂ ಅದೇ ಹಟ. ಹಿರಾಬಾಯಿಯ ಮನೆಗೆ ಮಲ್ಲಮ್ಮನನ್ನು ಅಟ್ಟಿದರೆ ಅವಳು ಬಂದು, “ಆಕಿ ಭೋರಿಗೆ ತವರಮನಿಗೆ ಹೋಗ್ಯಾಳಂತ್ರೀ,” ಎಂದಳು. ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಹೋದವರನ್ನು ಕಂಡಿದ್ದೆ. ಸಿಸ್ಟರ್ ಮೇಲೆ ಮುನಿಸಿಕೊಂಡು ಹೋದವಳನ್ನು ಇದೇ ಮೊದಲು ಕಂಡದ್ದು. ಕರೆತರಲು ಗಂಡನಂತೆ ನಾನೇ ಹೊರಡಬೇಕಾಯಿತು.

ಒಂದು ಪೊಟ್ಟಣ ಬಾಕರವಡಿ ಕಟ್ಟಿಕೊಂಡು, ಮಲ್ಲಮ್ಮನನ್ನು ಜೊತೆಗೆ ಕರೆದುಕೊಂಡು, ಸ್ವಾರ್‌ಗೇಟಿನಲ್ಲಿ ಎಸ್‌ಟಿ ಬಸ್ ಹತ್ತಿದೆ. ಕಾತ್ರಜ ಘಾಟು ದಾಟುವವರೆಗೆ ಮಲ್ಲಮ್ಮ ನಿಂಬೆಹಣ್ಣು ಮೂಸುತ್ತ, ನಡುನಡುವೆ ನನಗೆ ಬುದ್ಧಿ ಹೇಳುತ್ತ ಕೂತಿದ್ದಳು. “ಅಕ್ಕಾರ, ಅಲ್ಲಿ ಹೋಗಿ ಮರಾಠಿ ಜಾಸ್ತಿ ಮಾತಾಡಬ್ಯಾಡ್ರೀ. ಆಕಿ ಇನ್ನೂ ಸಿಟ್ಟಾದಾಳು.”

ಭೋರಿನಲ್ಲಿ ಹಿರಾಬಾಯಿ ಅಣ್ಣನ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ನಮ್ಮನ್ನು ನೋಡಿ ಮೊರ ಬದಿಗಿಟ್ಟು ಚಾಪೆ ಹಾಸಿದಳು, ನೀರು ಕೊಟ್ಟಳು, ಚಹಾಕ್ಕೆ ಇಟ್ಟಳು. ಮುಖ ಮಾತ್ರ ಹಾಗೇ ಬಿಗಿದಿತ್ತು. ಮಲ್ಲಮ್ಮನ ಬುದ್ಧಿವಾದದಂತೆ ನಾನು ಕಡಿಮೆ ಮಾತಾಡಿದೆ. “ತಪ್ಪು ಅರಿಶಿನದ್ದು. ಬುದ್ಧಿ ಇಲ್ಲದೆ ಹಚ್ಚಿದವಳು ನಾನು,” ಎಂದು ನನ್ನ ಅಂಗೈಗಳನ್ನು ಚಾಚಿ ತೋರಿಸಿದೆ. ಅವೂ ಹಳದಿಯಾಗಿಯೇ ಇದ್ದವು. ಅವಳ ತುಟಿಯ ಒಂದು ತುದಿ ಸ್ವಲ್ಪ ಸಡಿಲಾಯಿತು.

ಅವಳಾಡಿದ ಮರಾಠಿಯನ್ನು ನನ್ನ ಬಾಯಲ್ಲಿ ಹೇಳಿದರೆ ಹೀಗೆ: “ಕೈ ತೊಳಿ ಅಂದದ್ದಕ್ಕ ನನಗ ಸಿಟ್ಟಿಲ್ಲ ಸಿಸ್ಟರ್. ಡಾಕ್ಟರ್ ಹೇಳ್ಯಾರ, ತೊಳೀತೀನಿ. ಆದ್ರ ಎಲ್ಲಾರ ಮುಂದ ನನ್ನ ಕೈ ಹಿಡದು ಕಳ್ಳನ್ನ ನೋಡಿದಂಗ ನೋಡಿದ್ರಲ್ಲ. ಆ ಕೈಯಿಂದ ಉಂಡವ್ರು ಎಲ್ಲಾ ಅಲ್ಲೇ ಕುಂತಿದ್ರು.”

ಕಾಕಾ ನಿನ್ನೆಯಿಂದ ತುತ್ತು ಮುಟ್ಟಿಲ್ಲ ಎಂದಷ್ಟೇ ಹೇಳಿದೆ. ಅವಳು ತಟ್ಟನೆ ಎದ್ದಳು. ಒಳಗೆ ಹೋಗಿ ಚೀಲ ಹಿಡಿದುಕೊಂಡೇ ಬಂದಳು. ಹೊಸಿಲಲ್ಲಿ ಒಂದು ಗಳಿಗೆ ನಿಂತು ಶರತ್ತು ಹಾಕಿದಳು: “ನಾ ಬರ್ತೀನಿ. ಆದ್ರ ಕಲಿಯೋದಾದ್ರ ಎಲ್ಲಾರೂ ಕಲೀಬೇಕು. ಆಜೀನೂ. ನಶ್ಯ ಏರಿಸಿದ ಬೆರಳಿಲೇ ಉಂಡಿ ಹಂಚ್ತಾರ, ಅದನ್ನ ಯಾರ ನೋಡ್ಯಾರ?”

ಯಾರೂ ನೋಡಿರಲಿಲ್ಲ. ನಾನಂತೂ ದಿನಾ ಆ ಉಂಡೆ ತಿಂದು, ಚೆನ್ನಾಗಿದೆ ಎಂದು ಇನ್ನೊಂದನ್ನೂ ಕೇಳಿ ತಿಂದಿದ್ದೆ. ಭೇದಿ ಎಲ್ಲಿಂದ ಶುರುವಾಯಿತು ಎಂಬುದು ಇವತ್ತಿಗೂ ದೇವರಿಗೇ ಗೊತ್ತು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಮಲ್ಲಮ್ಮನ ನಿಂಬೆಹಣ್ಣು ನಾನೇ ಇಸಿದುಕೊಂಡೆ.

ಹಿರಾಬಾಯಿ ಬಂದು, ಕೈ ತೊಳೆದು, ‘ಆ ಕರಾ’ ಎಂದಳು. ಕಾಕಾ ಬಾಯಿ ತೆರೆದರು. ನಾನು ಅತ್ತ ತಿರುಗಿ ಪಾರಿಜಾತದ ಗಿಡವನ್ನು ಸ್ವಲ್ಪ ಹೊತ್ತು ನೋಡಬೇಕಾಯಿತು.

ಇನ್ನು ಆಜಿಯನ್ನು ಒಪ್ಪಿಸುವ ಕೆಲಸ. ಶಿಷ್ಯೆಯ ಸ್ಥಾನಕ್ಕೆ ಅವರು ಇಳಿಯುವವರಲ್ಲ. ಮೊದಲು ಹಾರಾಡಿದರು, ಉಂಡೆಯ ಡಬ್ಬಿಯನ್ನು ಎದೆಗವಚಿಕೊಂಡು ಕೂತರು. ಹಿರಾಬಾಯಿಯೇ ಹೋಗಿ ಅವರ ಗಾಲಿಕುರ್ಚಿಯನ್ನು ಬೇಸಿನ್ನಿನ ಬಳಿಗೆ ತಳ್ಳಿಕೊಂಡು ಬಂದು, ಆ ಸುಕ್ಕುಗಟ್ಟಿದ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಸಾಬೂನು ಹಚ್ಚಿ, ಬೆರಳ ಸಂದಿ ಸಂದಿಗೂ ಮೆಲ್ಲಗೆ ತಿಕ್ಕತೊಡಗಿದಳು. ಆಜಿ ಬಗ್ಗಿ ಅವಳ ಕೈಗಳನ್ನು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, “ಪಾಸ್,” ಎಂದರು. ಇಡೀ ಹಾಲ್ ಚಪ್ಪಾಳೆ ತಟ್ಟಿತು, ನೊರೆಗೈಯವರೂ ಸೇರಿ.

ಎಷ್ಟು ಹೊತ್ತು ತೊಳೆಯಬೇಕು ಎಂಬ ಪ್ರಶ್ನೆ ಉಳಿದಿತ್ತು. ಗಡಿಯಾರ ಮಾವಶಿಯರಿಗೆ ಆಗಿಬರುತ್ತಿರಲಿಲ್ಲ. ಆರತಿ ಹೇಳಿಕೊಂಡು ತೊಳೆಯಿರಿ ಎಂದು ನಾನೆಂದರೆ, ಅವರು ಪೂರ್ತಿ ಆರತಿ ಮುಗಿಸಿ ನೈವೇದ್ಯಕ್ಕೆ ಕಾಯುತ್ತ ನಿಂತರು. ಆಗ ಆಜಿಯೇ ದಾರಿ ತೋರಿದರು: “ಎರಡರ ಮಗ್ಗಿ ಹೇಳಿ. ನಿಧಾನಕ್ಕೆ ಒಂದು ಸಲ.” ಹಾಗೆ ಶುರುವಾಯಿತು. ಬೇಸಿನ್ನಿನ ಮುಂದೆ ಸಾಲು ನಿಂತು, ‘ಬೇ ಏಕೇ ಬೇ, ಬೇ ದುಣೇ ಚಾರ’. ಶಾಲೆಯ ಮೆಟ್ಟಿಲೇ ಹತ್ತದ ಮಲ್ಲಮ್ಮ ವಾರದೊಳಗೆ ಮರಾಠಿ ಮಗ್ಗಿ ಬಾಯಿಪಾಠ ಮಾಡಿ, ಅದೇ ರಾಗದಲ್ಲಿ ಬದನೆಕಾಯಿ ಚೌಕಾಸಿ ಮಾಡತೊಡಗಿದಳು.

ಒಂದು ಬೆಳಿಗ್ಗೆ ಹಿರಾಬಾಯಿ ಕೈ ತೊಳೆಯುತ್ತ ‘ಬೇ ಸಾತೇ ಚೌದಾ’ವರೆಗೆ ಬಂದು ಉಸಿರು ತೆಗೆದುಕೊಳ್ಳಲು ನಿಂತಳು. ಹಿಂದಿನಿಂದ ಯಾರೋ ಗೊಗ್ಗರು ದನಿಯಲ್ಲಿ “ಬೇ ಆಠೇ ಸೋಳಾ” ಎಂದರು. ತಿರುಗಿ ನೋಡಿದರೆ ಜೋಶಿ ಕಾಕಾ! ಮಗಳ ಹೆಸರು ಮರೆತ ಮನುಷ್ಯ, ತಿಂಗಳುಗಟ್ಟಲೆ ಮಾತೇ ಆಡದ ಮನುಷ್ಯ, ಕುರ್ಚಿಯ ಕೈ ಮೇಲೆ ತಾಳ ಹಾಕುತ್ತ ಇಪ್ಪತ್ತರವರೆಗೆ ಮುಗಿಸಿ, ನಮ್ಮನ್ನೆಲ್ಲ ನೋಡಿ ನಕ್ಕರು. ಹಿರಾಬಾಯಿ ನೊರೆಗೈಯಲ್ಲೇ ಕಣ್ಣೊರೆಸಿಕೊಂಡಳು; ಸಾಬೂನು ಕಣ್ಣಿಗೆ ಹೋಗಿ ಇನ್ನಷ್ಟು ಅತ್ತಳು. ಆ ಮಳೆಗಾಲದ ಉಳಿದ ದಿನಗಳಲ್ಲಿ ನಮ್ಮಲ್ಲಿ ಯಾರಿಗೂ ಸಲೈನ್ ಬೇಕಾಗಲಿಲ್ಲ.

ನನ್ನ ಕಥೆ ಏನಾಯಿತೆಂದರೆ, ಹೊಸಬರು ಬಂದಾಗಲೆಲ್ಲ ತೊಳೆದು ತೋರಿಸಿ ತೋರಿಸಿ, ಗಣೇಶ ಚೌತಿಯ ಹೊತ್ತಿಗೆ ನನ್ನ ಕೈಯ ಚರ್ಮ ಬಿರಿದು, ಬೆರಳ ಸಂದಿಯೆಲ್ಲ ಕೆಂಪಾಗಿ ಉರಿಯತೊಡಗಿತು. ಚರ್ಮದ ಡಾಕ್ಟರು ಮುಲಾಮು ಹಚ್ಚಿ, ಎರಡೂ ಕೈಗೆ ಪಟ್ಟಿ ಸುತ್ತಿ, “ಸದ್ಯಕ್ಕೆ ಸಾಬೂನು, ನೀರು ಮುಟ್ಟಲೇಬಾರದು,” ಎಂದರು. ಮನೆಯಲ್ಲಿ ಯಜಮಾನರು ಪಾತ್ರೆ ತೊಳೆಯುತ್ತ, “ನಿನ್ನ ಟ್ರೇನಿಂಗ್ ಕಡೀಗೆ ನನಗ ಆತು ನೋಡು,” ಎಂದು ಗೊಣಗಿದರು.

ಆಶ್ರಮದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಹಿರಾಬಾಯಿ ನನ್ನ ತಟ್ಟೆ ತಂದು ಎದುರಿಗಿಟ್ಟಳು. ಬಿಸಿ ಅನ್ನ, ಮೇಲೆ ವರಣ ಎಂಬ ತೊವ್ವೆ, ಅದರ ಮೇಲೆ ತುಪ್ಪ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹೊಟ್ಟೆ ಬೆನ್ನಿಗೆ ಹತ್ತಿತ್ತು. “ತಡೀರಿ ಸಿಸ್ಟರ್, ನಾ ಉಣಿಸ್ತೀನಿ,” ಎಂದು ಅವಳು ಬೇಸಿನ್ನಿನ ಕಡೆ ಹೋದಳು. ಅಂಗೈ, ಮುಂಗೈ, ಸಂದಿ, ಉಗುರು, ಪುಲ್ಲಿಂಗದ ಹೆಬ್ಬೆರಳು, ಒಂದನ್ನೂ ಬಿಡಲಿಲ್ಲ. ನಿಧಾನವಾಗಿ ಮಗ್ಗಿ ಸಾಗಿತು. ತುಪ್ಪ ಹೆಪ್ಪುಗಟ್ಟತೊಡಗಿತು. ಅಂತೂ ‘ಬೇ ದಾಹೇ ವೀಸ’ ಬಂತು, ನಾನು ಬಾಯಿ ತೆರೆದೆ. ಅವಳು ಕೈಯನ್ನು ಬೆಳಕಿಗೆ ಹಿಡಿದು ನೋಡಿ, ತೃಪ್ತಿಯಾಗದೆ ಮತ್ತೆ ಸಾಬೂನು ಎತ್ತಿಕೊಂಡು, ಮೂರರ ಮಗ್ಗಿ ಶುರುಮಾಡಿದಳು.

“ಹಿರಾಬಾಯಿ, ಸಾಕು ಬಾ ತಾಯಿ!” ಎಂದು ಕೂಗಿದೆ, “ಇಷ್ಟೆಲ್ಲ ಯಾರು ತೊಳೀತಾರ?”