ಅಕ್ಕಿ ಲೆಕ್ಕದ ಅರ್ಧ ಯಜಮಾನರು

ಸರ್ಕಾರದ ಪರವಾಗಿ ಲೆಕ್ಕ ಕೇಳಲು ಹೊರಟವನಿಗೆ ಲೆಕ್ಕವೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಕೂರಲು ಚಾಪೆ ಸಿಗುತ್ತದೆ, ಬಾಯಾರಿಕೆಗೆ ಎಳನೀರು ಸಿಗುತ್ತದೆ, ಮನೆಯ ಹುಡುಗಿಗೆ ಗಂಡು ಹುಡುಕುವ ಜವಾಬ್ದಾರಿಯೂ ಕೆಲವೊಮ್ಮೆ ಸಿಗುತ್ತದೆ. ಯುದ್ಧದ ಆ ವರ್ಷಗಳಲ್ಲಿ ಮಂಗಳೂರಿನ ಆಹಾರ ನಿಯಂತ್ರಣ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ಇವೆಲ್ಲ ಧಾರಾಳವಾಗಿ ಸಿಕ್ಕಿವೆ.

ಬರ್ಮಾದ ಅಕ್ಕಿ ನಿಂತುಹೋಗಿ ಪೇಟೆಗೆಲ್ಲ ರೇಶನ್ ಚೀಟಿ ಬಂದ ಕಾಲ ಅದು. ದೊಡ್ಡವರಿಗೆ ಒಂದು ಪಾಲು, ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ಅರ್ಧ ಪಾಲು. ಒಟ್ಟು ಎಷ್ಟು ಪಾಲು ಎಂದು ನಾವು ಮದ್ರಾಸಿಗೆ ಬರೆದರೆ ಅವರು ಅಷ್ಟು ಅಕ್ಕಿ ಕಳಿಸಬೇಕು. ಒಂದು ದಿನ ಮದ್ರಾಸಿನಿಂದ ಉತ್ತರ ಬಂತು. ನಿಮ್ಮ ಊರಿನಲ್ಲಿ ಇರುವ ಜನರಿಗಿಂತ ಉಣ್ಣುವ ಜನ ಹೆಚ್ಚಾಗಿದ್ದಾರೆ, ಮಳೆಗಾಲದ ಮೊದಲು ಲೆಕ್ಕ ಸರಿ ಮಾಡಿ, ಇಲ್ಲದಿದ್ದರೆ ಅಕ್ಕಿ ಕಡಿತ ಎಂದಿತ್ತು. ಹೊಳೆ ತುಂಬಿ, ದೋಣಿ ನಿಂತು, ಮೀನೂ ಇಲ್ಲದ ಆಟಿ ತಿಂಗಳಲ್ಲಿ ಗಂಜಿಗೂ ತತ್ವಾರ ಎಂದರೆ ಊರಿನ ಗತಿಯೇನು? ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಲೆಕ್ಕ ಸರಿ ಮಾಡಲೆಂದೇ ಬಳ್ಳಾರಿ ಕಡೆಯ ಒಬ್ಬ ಆಫೀಸರು ಬಂದರು. ಜೋಳದ ರೊಟ್ಟಿ ತಿಂದು ಬೆಳೆದ ಒಳ್ಳೆಯ ಮನುಷ್ಯ. ಅಂಕಿಯೆಂದರೆ ಅವರಿಗೆ ಪ್ರಾಣ. ಲೆಕ್ಕವನ್ನು ಒಮ್ಮೆಯೇ ಕೇಳಬೇಕು, ಸರಿಯಾಗಿ ಕೇಳಬೇಕು, ಕೇಳಿದ್ದನ್ನು ಎಲ್ಲ ಇಲಾಖೆಗೂ ಹಂಚಬೇಕು ಎನ್ನುವುದು ಅವರ ಸಿದ್ಧಾಂತ. ಸಿದ್ಧಾಂತದಲ್ಲಿ ತಪ್ಪೇನೂ ಇರಲಿಲ್ಲ. ಊರು ಮಾತ್ರ ನಮ್ಮದಾಗಿತ್ತು.

ನಾಲ್ಕು ಆಫೀಸಿನ ಗೋದಾಮು

ಬಂದರಿನಲ್ಲಿ ಒಬ್ಬ ಅಕ್ಕಿ ವ್ಯಾಪಾರಿ ಇದ್ದರು. ಅವರ ಗೋದಾಮಿನಲ್ಲಿ ಎಷ್ಟು ಅಕ್ಕಿ ಉಂಟು ಎಂದು ಪ್ರತಿ ತಿಂಗಳೂ ನಾವು ಕೇಳುತ್ತಿದ್ದೆವು, ಮುನ್ಸಿಪಾಲಿಟಿಯವರು ಕೇಳುತ್ತಿದ್ದರು, ತೆರಿಗೆಯವರು ಕೇಳುತ್ತಿದ್ದರು, ಪೊಲೀಸರೂ ಕೇಳುತ್ತಿದ್ದರು. ನಮ್ಮ ಆಫೀಸರು ನಾಲ್ಕೂ ಕಡೆಯ ಕಾಗದ ತರಿಸಿ ಒಂದೇ ಮೇಜಿನ ಮೇಲೆ ಹರಡಿದರು. ತೆರಿಗೆಯವರ ಪ್ರಕಾರ ಆ ಗೋದಾಮಿನಲ್ಲಿ ಇಲಿಗೂ ಉಪವಾಸ. ನಮ್ಮ ಪ್ರಕಾರ ಅಲ್ಲಿ ಕಾಲಿಡಲು ಜಾಗವಿಲ್ಲ. ಉಳಿದ ಎರಡು ಇವುಗಳ ನಡುವೆ ಎಲ್ಲೋ ಇದ್ದವು.

ವ್ಯಾಪಾರಿಯನ್ನು ಕರೆಸಿದರು. ಅವರು ಬೆವರಲೂ ಇಲ್ಲ, ಬೆದರಲೂ ಇಲ್ಲ. ಪಾಲು ಕೊಡುವ ಆಫೀಸಿಗೆ ಕಡಿಮೆ ಹೇಳಿದರೆ ಇವನಿಗೆ ವ್ಯಾಪಾರವಿಲ್ಲವೆಂದು ಪಾಲು ಇಳಿಸುತ್ತಾರೆ, ತೆರಿಗೆ ಹಾಕುವ ಆಫೀಸಿಗೆ ಹೆಚ್ಚು ಹೇಳಿದರೆ ತೆರಿಗೆ ಏರಿಸುತ್ತಾರೆ, ಹಾಗಾಗಿ ಯಾರಿಗೂ ಬೇಸರವಾಗದಂತೆ ನಡೆದುಕೊಂಡು ಬಂದಿದ್ದೇನೆ ಎಂದು ವಿವರಿಸಿದರು. ಆಫೀಸರು ತಾಳ್ಮೆಯಿಂದ ಕೇಳಿ, ಇನ್ನು ಮುಂದೆ ನಾಲ್ಕೂ ಕಚೇರಿಗೆ ಒಂದೇ ಲೆಕ್ಕ ಕೊಡಬೇಕೆಂದು ಅಪ್ಪಣೆ ಮಾಡಿದರು.

ವ್ಯಾಪಾರಿ ತುಸು ಯೋಚಿಸಿದರು. "ಆಗಬಹುದು ಸ್ವಾಮೀ. ಆದ್ರೆ ಯಾವ ಲೆಕ್ಕ ಇಟ್ಟುಕೊಳ್ಳುದು ಅಂತ ನೀವು ನಾಲ್ಕೂ ಆಫೀಸಿನವರು ಮೊದಲು ಮಾತಾಡಿ ಹೇಳಿ. ಗೋದಾಮನ್ನು ನಾನು ಅದಕ್ಕೆ ಸರಿಯಾಗಿ ಇಡ್ತೇನೆ."

ಎಣಿಸುವ ಮೊದಲು, ಎಣಿಸಿದ ಮೇಲೆ

ವ್ಯಾಪಾರಿಗಳ ಬಾಯಿಮಾತು ಸಾಕು, ಇನ್ನು ಮನೆಗಳ ದಾಸ್ತಾನನ್ನು ಕಣ್ಣಾರೆ ನೋಡೋಣ ಎಂದು ಆಫೀಸರು ಹೊರಟರು. ಕಂಕನಾಡಿಯ ಆಚೆ ಗದ್ದೆಯಿದ್ದ ಒಂದು ಮನೆ. ಅಟ್ಟದಲ್ಲಿ ನಾಲ್ಕು ಮುಡಿ ಅಕ್ಕಿ. ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದಲೇ ಬಿಗಿದು, ಗುಂಡಗೆ ಕಟ್ಟಿದ ನಮ್ಮ ಮುಡಿಯನ್ನು ಅವರು ಅದೇ ಮೊದಲು ನೋಡಿದ್ದು. ಒಳಗೆ ಅಕ್ಕಿಯೇ ಇದೆ ಎನ್ನುವುದಕ್ಕೆ ಸಾಕ್ಷಿ ಏನು ಎಂದು ಕೇಳಿದರು. ಅಕ್ಕಿ ಅಲ್ಲದೆ ಮುಡಿಯಲ್ಲಿ ಎಂತ ಕಟ್ಟುದು ಎಂದು ಮನೆಯ ಹೆಂಗಸು ನನ್ನ ಮುಖ ನೋಡಿದರು.

ನಾನು ಬೇಡ ಬೇಡ ಎನ್ನುವುದರೊಳಗೆ ಆಫೀಸರು ಹಗ್ಗದ ತುದಿ ಹಿಡಿದು ಎಳೆದೇ ಬಿಟ್ಟರು. ಮುಡಿ ಸಡಿಲವಾಗಿ ಅಟ್ಟದಿಂದ ಅಡುಗೆಮನೆಗೆ ಅಕ್ಕಿ ಸುರಿಯಿತು. ಕುಚ್ಚಲಕ್ಕಿ, ಒಳ್ಳೆಯ ಜಾತಿಯದು. ಆಫೀಸರಿಗೆ ಪೂರ್ಣ ಸಮಾಧಾನವಾಗಿ, ಇನ್ನು ಕಟ್ಟಿ ಇಡಬಹುದು ಎಂದರು.

ಕಟ್ಟುವವರು ಯಾರು? ಮುಡಿ ಕಟ್ಟುವುದು ಎಲ್ಲರಿಗೂ ಒಲಿಯುವ ಕೆಲಸವಲ್ಲ. ಕಟ್ಟುವ ಅಜ್ಜ ಸೋದರಸೊಸೆಯ ಮದುವೆಗೆಂದು ಬಜಪೆಗೆ ಹೋಗಿದ್ದ. ಮದುವೆ ಮುಗಿಸಿ, ನೆಂಟರನ್ನೆಲ್ಲ ಕಂಡು, ಅವನು ಬರುವುದು ಅವನಿಷ್ಟ. ಅಷ್ಟರಲ್ಲಿ ಬಿಡಿ ಅಕ್ಕಿಗೆ ಹುಳ ಬೀಳುತ್ತದೆ. ಬಿಚ್ಚಿದ ಮುಡಿ ಇನ್ನು ಉಣ್ಣಲಿಕ್ಕೇ ಸರಿ ಎಂದು ಹೆಂಗಸು ತೀರ್ಮಾನಿಸಿ ಅಕ್ಕಪಕ್ಕದವರಿಗೂ ಹಂಚಿದರು. ಆ ವಾರವಿಡೀ ಆ ಕೇರಿಯವರು ಆಫೀಸರ ಹೆಸರು ಹೇಳಿ ಹೊಟ್ಟೆ ತುಂಬ ಉಂಡರು. ಕಚೇರಿಗೆ ಬಂದು ಆ ಮನೆಯ ದಾಸ್ತಾನನ್ನು ನಾನು ಬರೆದದ್ದು ಹೀಗೆ: ಎಣಿಸುವ ಮೊದಲು ನಾಲ್ಕು ಮುಡಿ, ಎಣಿಸಿದ ಮೇಲೆ ಮೂರು.

ಕಪ್ಪು ಹಲಗೆ

ಲೆಕ್ಕ ಸರ್ಕಾರದ ಸ್ವತ್ತಲ್ಲ, ಜನರಿಗೂ ಗೊತ್ತಾಗಬೇಕು ಎಂದು ಆಫೀಸರು ಹಂಪನಕಟ್ಟೆಯ ರೇಶನ್ ಅಂಗಡಿಯ ಮುಂದೆ ಒಂದು ಕಪ್ಪು ಹಲಗೆ ತೂಗುಹಾಕಿಸಿದರು. ಜನ ಬಿಸಿಲಿನಲ್ಲಿ ಸುಮ್ಮನೆ ಕಾಯಬಾರದು ಎಂಬ ಕಾಳಜಿ. ಮೊದಲ ದಿನ ನನ್ನಿಂದ "ಅಕ್ಕಿ ಬೇಕಾದಷ್ಟು ಇದೆ, ಅವಸರ ಬೇಡ" ಎಂದು ದಪ್ಪಕ್ಷರದಲ್ಲಿ ಬರೆಸಿದರು.

ಅವಸರ ಬೇಡ ಎಂದು ಸರ್ಕಾರ ಹೇಳಿದ ಮೇಲೆ ಯಾರು ತಾನೆ ಸುಮ್ಮನಿರುತ್ತಾರೆ? ಏನೋ ಉಂಟು, ಇಲ್ಲದಿದ್ದರೆ ಹಾಗೆ ಬರೆಯುವುದಿಲ್ಲ ಎಂದು ಇಡೀ ಪೇಟೆ ಚೀಲ ಹಿಡಿದು ಬಂತು. ಮಧ್ಯಾಹ್ನಕ್ಕೆ ಅಂಗಡಿ ಖಾಲಿ. ಮರುದಿನ "ಅಕ್ಕಿ ಇಲ್ಲ" ಎಂದು ಬರೆದೆ. ಯಾರೂ ಕದಲಲಿಲ್ಲ. ಇಲ್ಲ ಎಂದು ಇಷ್ಟು ಚೆಂದದಲ್ಲಿ ಬರೆದಿದ್ದಾರಾದರೆ ಒಳಗೆ ಉಂಟು ಎಂದು ಸಂಜೆಯವರೆಗೆ ನಿಂತರು.

ಕೊನೆಗೆ ಆಫೀಸರು ಒಂದು ಉಪಾಯ ತೆಗೆದರು. ಒಳಗೆ ಎಷ್ಟು ಗೋಣಿ ಉಂಟೋ ಅಷ್ಟನ್ನೇ ಬರೆಯುವುದು, ಒಂದು ಗೋಣಿ ಮುಗಿದ ಕೂಡಲೇ ಒರೆಸಿ ಹೊಸ ಅಂಕಿ ಹಾಕುವುದು. ಇದು ಫಲಿಸಿತು. ನೂಕುನುಗ್ಗಲು ನಿಂತಿತು, ಜನ ಎದುರಿನ ಮರದಡಿ ಕುಳಿತು ಹಲಗೆ ನೋಡತೊಡಗಿದರು. ಅಂಕಿ ಇಳಿದಾಗಲೆಲ್ಲ ಅಯ್ಯೋ ಎನ್ನುವುದು, ಲಾರಿ ಬಂದು ಅಂಕಿ ಏರಿದರೆ ಚಪ್ಪಾಳೆ. ಬೆಳಿಗ್ಗೆಯಿಂದ ಅಲ್ಲೇ ಕುಳಿತಿದ್ದ ಒಬ್ಬ ಮುದುಕನ ಹತ್ತಿರ ಹೋಗಿ, ನಿಮ್ಮ ಸರದಿ ಬಂದು ಎಷ್ಟೋ ಹೊತ್ತಾಯಿತಲ್ಲ, ಅಕ್ಕಿ ತೆಗೆದುಕೊಳ್ಳುವುದಿಲ್ಲವೇ ಎಂದು ಕೇಳಿದೆ. "ನನ್ನದು ನಿನ್ನೆಯೇ ಆಯಿತು ಮಾರಾಯ. ಇವತ್ತು ಬರೀ ನೋಡ್ಲಿಕ್ಕೆ ಬಂದದ್ದು" ಎಂದ.

ಗಂಜಿ ಇಲ್ಲಿ, ಊಟ ಅಲ್ಲಿ

ಇಷ್ಟೆಲ್ಲ ಆದರೂ ಮದ್ರಾಸಿನವರು ಹೇಳಿದ ಹೆಚ್ಚಿನ ಬಾಯಿಗಳು ಎಲ್ಲಿಂದ ಬಂದವು ಎನ್ನುವುದು ತಿಳಿಯಲಿಲ್ಲ. ಮಳೆಗಾಲ ಹತ್ತಿರವಾಗುತ್ತಿತ್ತು. ಆಫೀಸರ ನಿದ್ದೆ ಹೋಯಿತು. ಸುಳ್ಳು ಚೀಟಿ ಯಾರದೆಂದು ಮನೆ ಮನೆ ಹೊಕ್ಕು ಹುಡುಕೋಣ ಎಂದು ನನ್ನನ್ನು ಕರೆದುಕೊಂಡು ಜೆಪ್ಪುವಿನ ಒಂದು ದೊಡ್ಡ ಮನೆಗೆ ಹೋದರು.

ಜಗಲಿಯಲ್ಲಿ ಕುಳಿತು ಎಲೆಅಡಿಕೆ ಹಾಕುತ್ತಿದ್ದ ಹಿರಿಯ ಹೆಂಗಸನ್ನು ಕೇರಿಯವರೆಲ್ಲ ಅಕ್ಕ ಎನ್ನುತ್ತಿದ್ದರು. ಮನೆಗೆ ಯಜಮಾನರು ಯಾರು ಎಂದು ಕೇಳಿದರೆ ತನ್ನ ತಮ್ಮ ಎಂದರು. ಎಲ್ಲಿದ್ದಾರೆ ಎಂದರೆ ಕದ್ರಿಯಲ್ಲಿ ಹೆಂಡತಿಯ ಮನೆಯಲ್ಲಿ ಎಂದರು. ಕದ್ರಿಗೆ ಹೋದೆವು. ಅಲ್ಲಿಯ ಚೀಟಿಯಲ್ಲೂ ಅದೇ ಹೆಸರು. ಗಂಡ ಎಲ್ಲಿ ಎಂದು ಕೇಳಿದರೆ, ಅವರು ಈಗಷ್ಟೇ ಅವರ ಮನೆಗೆ, ಜೆಪ್ಪುವಿಗೆ ಹೋದರು ಎಂದು ಹೆಂಡತಿ ಹೇಳಿದರು. ಆಫೀಸರು ದಾರಿಯಲ್ಲೇ ನಿಂತುಬಿಟ್ಟರು.

"ಒಬ್ಬ ಮನುಷ್ಯಾ ಎರಡು ಮನ್ಯಾಗ ಹ್ಯಾಂಗ ಇರ್ತಾನ್ರೀ?"

ನಾನು ವಿವರಿಸಿದೆ. ಇದು ಅಳಿಯಸಂತಾನದ ಊರು. ಮನೆ, ಆಸ್ತಿ ಎಲ್ಲ ಹೆಂಗಸರ ಕಡೆಯಿಂದ ಇಳಿಯುತ್ತದೆ. ಗಂಡಸು ಅಕ್ಕತಂಗಿಯರ ಮನೆಗೆ ಯಜಮಾನ, ಹೆಂಡತಿಯ ಮನೆಗೆ ಗಂಡ. ಬೆಳಗ್ಗಿನ ಗಂಜಿ ಅಲ್ಲಿ, ರಾತ್ರಿಯ ಊಟ ಇಲ್ಲಿ. ಬಂದರಿನ ಬ್ಯಾರಿ ಮುಸಲ್ಮಾನರಲ್ಲೂ ಎಷ್ಟೋ ಅಳಿಯಂದಿರು ಹಗಲು ತಾಯಿಯ ಮನೆಯಲ್ಲಿದ್ದು ರಾತ್ರಿ ಹೆಂಡತಿಯ ಮನೆಗೆ ಹೋಗುತ್ತಾರೆ. ಎರಡೂ ಮನೆಯವರು ತಮ್ಮವನೆಂದು ಅಕ್ಕರೆಯಿಂದ ಬರೆಸಿದ್ದಾರೆ. ಸುಳ್ಳು ಯಾರೂ ಹೇಳಿಲ್ಲ.

ಒಂದು ಕಡೆಯಿಂದ ಹೆಸರು ತೆಗೆದರಾಯಿತು ಎಂದು ಆಫೀಸರು ಎರಡೂ ಮನೆಯವರನ್ನು ಕಚೇರಿಗೆ ಕರೆಸಿದರು. ಅಕ್ಕ ಒಪ್ಪಲಿಲ್ಲ. ತನ್ನ ಮನೆಯಿಂದ ಹೆಸರು ತೆಗೆದರೆ ಆ ಮನೆಗೆ ಯಜಮಾನನೇ ಇಲ್ಲವೆಂದು ಸರ್ಕಾರ ಸಾರಿದ ಹಾಗಾಯಿತು, ನಾಳೆ ಒಕ್ಕಲಿನವರು ಯಾರ ಮಾತು ಕೇಳುತ್ತಾರೆ ಎಂದರು. ಹೆಂಡತಿಯೂ ಒಪ್ಪಲಿಲ್ಲ. ತನ್ನ ಮನೆಯಿಂದ ತೆಗೆದರೆ ಗಂಡ ಬಿಟ್ಟುಹೋದ ಎಂದು ಕೇರಿಯಲ್ಲಿ ಮಾತಾಗುತ್ತದೆ ಎಂದರು. ಇಬ್ಬರ ಮಾತೂ ನ್ಯಾಯವೇ. ಆಫೀಸರು ಕೊನೆಗೆ ಯಜಮಾನರ ಕಡೆ ತಿರುಗಿದರು. ಊರಿನ ವ್ಯಾಜ್ಯಗಳನ್ನೆಲ್ಲ ತೀರ್ಮಾನಿಸುವ, ದಪ್ಪ ಮೀಸೆಯ ದೊಡ್ಡ ಮನುಷ್ಯ ಅವರು. ನೀವೇ ತೀರ್ಪು ಹೇಳಿ ಎಂದರೆ ಬಾಗಿಲ ಕಡೆ ಸರಿದು ಮೆಲ್ಲಗೆ, "ನನ್ನನ್ನು ಕೇಳಬೇಡಿ ಮಾರಾಯ್ರೆ. ಎರಡೂ ಕಡೆ ಉಣ್ಣಬೇಕಾದವನು ನಾನು" ಎಂದರು.

ಮೀಸೆ ಬಂದ ಮಗು

ಮರುದಿನ ಆಫೀಸರು ನಗುತ್ತಾ ಬಂದರು. ಮನುಷ್ಯ ಅರ್ಧ ಅಲ್ಲಿ ಉಣ್ಣುತ್ತಾನೆ, ಅರ್ಧ ಇಲ್ಲಿ ಉಣ್ಣುತ್ತಾನೆ. ಹಾಗಾದರೆ ಅಲ್ಲೂ ಅರ್ಧ ಪಾಲು, ಇಲ್ಲೂ ಅರ್ಧ ಪಾಲು. ಎರಡು ಅರ್ಧ ಸೇರಿದರೆ ಒಂದು, ಲೆಕ್ಕ ಸರಿ. ಅರ್ಧ ಪಾಲಿನ ಕಾಲಮ್ಮು ಮಕ್ಕಳದ್ದಲ್ಲವೇ ಎಂದು ನಾನು ಕೇಳಿದೆ. ಚೀಟಿಯಲ್ಲಿ ಇರುವುದೇ ಎರಡು ಕಾಲಮ್ಮು, ಮೂರನೆಯದನ್ನು ಮದ್ರಾಸಿನಿಂದ ತರಿಸುವಷ್ಟರಲ್ಲಿ ಮಳೆಗಾಲ ಮುಗಿಯುತ್ತದೆ ಎಂದರು. ಎರಡೂ ಮನೆಯವರು ಸಂತೋಷದಿಂದ ಒಪ್ಪಿದರು. ಊರಿನಲ್ಲಿ ಹೀಗೆ ಎರಡು ಮನೆಯಲ್ಲಿ ಉಣ್ಣುವ ಗಂಡಸರನ್ನೆಲ್ಲ ನಾನು ಮಕ್ಕಳ ಕಾಲಮ್ಮಿಗೆ ಇಳಿಸಿದೆ. ಒಟ್ಟು ಹೊಂದಿತು, ಮದ್ರಾಸಿನವರು ಮೆಚ್ಚಿ ಬರೆದರು, ಮೊದಲ ತಿಂಗಳ ಅಕ್ಕಿ ಕಡಿತವಿಲ್ಲದೆ ಬಂತು. ನಾನು ಆ ದಿನ ನೆಮ್ಮದಿಯಿಂದ ಉಂಡೆ.

ಆದರೆ ಆಫೀಸರ ಸಿದ್ಧಾಂತದಲ್ಲಿ ಹಂಚುವುದೊಂದು ಬಾಕಿ ಇತ್ತಲ್ಲ. ಹೊಸ ಲೆಕ್ಕದ ಪ್ರತಿಗಳು ಎಲ್ಲ ಇಲಾಖೆಗೂ ಹೋದವು, ಒಂದು ಪ್ರತಿ ಆರೋಗ್ಯ ಇಲಾಖೆಗೂ ಹೋಯಿತು. ಮಂಗಳೂರಿನಲ್ಲಿ ಇದ್ದಕ್ಕಿದ್ದಂತೆ ಇಷ್ಟು ಮಕ್ಕಳು ಹೆಚ್ಚಿದ್ದಾರೆ, ಒಂದಕ್ಕೂ ಸಿಡುಬಿನ ಚುಚ್ಚುಮದ್ದು ಹಾಕಿದ ದಾಖಲೆಯಿಲ್ಲ ಎಂದು ಅಲ್ಲಿಯವರು ಗಾಬರಿಯಾದರು. ಒಬ್ಬ ಚುಚ್ಚುಮದ್ದಿನವನನ್ನು ಕಳಿಸಿದರು. ಮನೆ ತೋರಿಸಲು ಆಫೀಸರು ಅವನ ಜೊತೆ ನನ್ನನ್ನು ಅಟ್ಟಿದರು.

ಜೆಪ್ಪುವಿನ ಮನೆಯಲ್ಲಿ ಯಜಮಾನರು ಆರಾಮಕುರ್ಚಿಯಲ್ಲಿ ಕುಳಿತು ಬೇಲಿಯ ವ್ಯಾಜ್ಯವೊಂದನ್ನು ತೀರ್ಮಾನಿಸುತ್ತಿದ್ದರು. ಎದುರಿಗೆ ಎರಡೂ ಪಕ್ಷದವರು ಕೈಕಟ್ಟಿ ನಿಂತಿದ್ದರು. ಚುಚ್ಚುಮದ್ದಿನವನು ಪೆಟ್ಟಿಗೆ ಕೆಳಗಿಟ್ಟು, ಈ ಮನೆಯ ಹೊಸ ಮಗು ಎಲ್ಲಿ ಎಂದು ಕೇಳಿದ. ಅಕ್ಕ ಕುರ್ಚಿಯ ಕಡೆ ಕೈ ತೋರಿಸಿದರು. ಅವನು ಕಾಗದ ನೋಡಿದ, ಮೀಸೆ ನೋಡಿದ, ಮತ್ತೆ ಕಾಗದ ನೋಡಿದ.

ಇವರು ಮಗು ಅಲ್ಲವಾದರೆ ಲೆಕ್ಕ ತಪ್ಪು, ತಪ್ಪೆಂದು ಇವತ್ತೇ ಮೇಲಕ್ಕೆ ಬರೆಯುತ್ತೇನೆ ಎಂದ. ಅವನು ಬರೆದರೆ ಮದ್ರಾಸಿನವರು ಕೇಳುತ್ತಾರೆ, ಲೆಕ್ಕವೆಲ್ಲ ಬಿಚ್ಚಿಕೊಳ್ಳುತ್ತದೆ, ಆಟಿಗೆ ಅಕ್ಕಿ ಇಲ್ಲ. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ತಮ್ಮನಿಗೆ ಹೇಳಿದರು.

"ಎಂತ ನೋಡುದು? ತೋಳು ಕೊಡು. ಊರಿನ ಗಂಜಿಯ ವಿಷಯ."

ಯಜಮಾನರು ನಿಟ್ಟುಸಿರು ಬಿಟ್ಟು ಎಡತೋಳು ಚಾಚಿದರು. ಚುಚ್ಚುಮದ್ದಿನವನು ಚುಚ್ಚಿ, ಮಗು ಅಳಲಿಲ್ಲ ಎಂದು ಶರಾ ಬರೆದುಕೊಂಡ. ಬೇಲಿಯ ಎರಡೂ ಪಕ್ಷದವರು, ಇಲ್ಲಿ ಹೆಚ್ಚು ಹೊತ್ತು ನಿಂತರೆ ತಮ್ಮ ತೋಳಿಗೂ ಬಂದೀತೆಂದು, ಅಲ್ಲಿಯೇ ರಾಜಿಯಾಗಿ ಹೊರಟುಹೋದರು. ಅವನು ಪೆಟ್ಟಿಗೆ ಮುಚ್ಚಿ ಕಾಗದದ ಮುಂದಿನ ಸಾಲಿಗೆ ಬೆರಳಿಟ್ಟು, ಇನ್ನೊಂದು ಮಗು ಕದ್ರಿಯಲ್ಲಿ ಎಂದ.

ದಾರಿಯಲ್ಲಿ ಒಂದು ಜಟಕಾ ನಮ್ಮನ್ನು ಹಿಂದೆ ಹಾಕಿ ಓಡಿತು. ನಾವು ಬೆವರು ಒರೆಸಿಕೊಳ್ಳುತ್ತಾ ಕದ್ರಿಯ ಗುಡ್ಡ ಹತ್ತಿ ಆ ಮನೆಯ ಅಂಗಳಕ್ಕೆ ಹೋದರೆ, ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಜಗಲಿಯ ಕಂಬಕ್ಕೆ ಒರಗಿ ಯಜಮಾನರು ಬಲತೋಳಿನ ಅಂಗಿ ಮಡಚಿಕೊಂಡು ತಯಾರಾಗಿ ಕುಳಿತಿದ್ದರು. ಚುಚ್ಚುಮದ್ದಿನವನು ಕಣ್ಣುಜ್ಜಿಕೊಂಡು, ಈಗಷ್ಟೇ ಜೆಪ್ಪುವಿನಲ್ಲಿ ನಿಮಗೇ ಹಾಕಿದೆನಲ್ಲ ಎಂದ.

"ಅದು ಅಕ್ಕನ ಮನೆಯ ಅರ್ಧಕ್ಕೆ ಹಾಕಿದ್ದು ಮಾರಾಯ" ಎಂದರು ಯಜಮಾನರು. "ಈ ಅರ್ಧ ಇಲ್ಲಿಯದ್ದು. ಇದಕ್ಕೂ ಬೇಗ ಹಾಕಿ ಮುಗಿಸು, ಊಟದ ಹೊತ್ತಾಯಿತು."