ಗೇಟಿನ ಮೇಲೆ ನಾರ್ವೆ ಹಕ್ಕಿ

ಬೇರೆಯವರು ಬಾಯಿ ಬಿಟ್ಟರೆ ಆಕಳಿಕೆ ಬರುತ್ತೆ. ನಾನು ಬಾಯಿ ಬಿಟ್ಟರೆ ಒಂದು ಪ್ರಸಂಗವೇ ಹುಟ್ಟುತ್ತೆ.

ಕುದುರೆ

ಚಿಕ್ಕಲಸಂದ್ರದ ನಮ್ಮ ಮನೆ ಮಹಡಿಯಲ್ಲಿ ನಾರ್ವೆ ದೇಶದ ಹುಡುಗಿ ಬಾಡಿಗೆಗಿದ್ದಾಳೆ. ಅವಳಿಗೆ ಕನ್ನಡ ಕಲಿಸಿದ್ದು ನಾನೇ. ಶಾಲೆಗೆ ಹೋಗದವನು ಕಲಿಸಿದ್ದಕ್ಕೇ ಬೇಗ ಬಂತು. ಅವಳ ಗೋಡೆ ಮೇಲೆ ಕಡಲಹಕ್ಕಿಯ ಚಿತ್ರವೊಂದಿತ್ತು.

"ಇದರ ಹೆಸರೇನಮ್ಮ?"

"ಹಾವ್‌ಹೆಸ್ಟ್, ತಾತ. ಕಡಲ ಕುದುರೆ ಅಂತ ಅರ್ಥ."

ಕುದುರೆ ಅಂದರೆ ನಮ್ಮಜ್ಜನದು! ಅದು ತಲಘಟ್ಟಪುರ ಮುಟ್ಟಿ ಹುಲ್ಲು ಮೇಯ್ತಿದ್ದರೆ, ಅದರ ನೆರಳು ಇನ್ನೂ ದಾರಿಯಲ್ಲಿ ಬರ್ತಿತ್ತು. "ನಾವು ಕಟ್ಟಿಸ್ತಿರೋ ಹೊಸ ಮನೆಗೆ ಇದೇ ಹೆಸರು" ಅಂದೆ.

ಹೆಂಡತಿ ಕೇಳಿದಳು, "ನಿಮ್ಮಜ್ಜನ ಹತ್ರ ಇದ್ದದ್ದು ಕತ್ತೆ ಅಲ್ವಾ?"

ಕಲ್ಲು

ಹೆಸರು ಕಲ್ಲಿನಲ್ಲಿ ಕೆತ್ತಿಸಿ ಗೇಟಿಗೆ ಕೂರಿಸಿದೆ. ಪದ್ಮನಾಭನಗರದ ನಮ್ಮ ಬೀಗರು ನೋಡಿ ಹೊಟ್ಟೆ ಉರ್ಕೋಬೇಕು ಅಂತ ಊರಿಗೆಲ್ಲ ಸಾರಿದೆ. ಗೃಹಪ್ರವೇಶದ ಬೆಳಿಗ್ಗೆ ಹುಡುಗಿ ಸೀರೆ ಉಟ್ಟು ಬಂದವಳು ಕಲ್ಲು ನೋಡಿ ಬೆಚ್ಚಿದಳು.

"ತಾತ, ನಿಜವಾಗ್ಲೂ ಹಾಕ್ಬಿಟ್ರಾ? ಈ ಹಕ್ಕಿಗೆ ಇನ್ನೊಂದು ಹೆಸರಿದೆ. ನಮ್ಮ ಹಳೇ ಕಾಲದವರ ಮಾತಲ್ಲಿ ಅದರ ಅರ್ಥ ನಾರೋ ಕಡಲಹಕ್ಕಿ. ಗೂಡಿನ ಹತ್ರ ಹೋದೋರ ಮೇಲೆ ಗಬ್ಬು ಎಣ್ಣೆ ಉಗಿಯುತ್ತೆ."

"ಯಾರಿಗೂ ಹೇಳ್ಬೇಡ ಕಣಮ್ಮ!"

"ನಾನು ಹೇಳಲ್ಲ ತಾತ. ಮೊಬೈಲು ಹೇಳುತ್ತೆ."

ಬೀಗರು

ಹೇಳೇಬಿಡ್ತು. ಬೀಗರು ಗೇಟಿನಲ್ಲೇ ನಿಂತು ಮೊಬೈಲು ತೀಡಿ ಕೂಗಿದರು, "ನಾರೋ ಹಕ್ಕಿಯಂತೆ! ಎಲ್ಲರೂ ಮೂಗು ಮುಚ್ಕೊಂಡು ಬನ್ನಿ!"

ಬಂದವರೆಲ್ಲ ಶಾಮಿಯಾನ ಹಾರಿಹೋಗೋ ಹಾಗೆ ನಕ್ಕರು. ಜೀವಮಾನದಲ್ಲಿ ಮೊದಲ ಸಲ ನನಗೆ ಮಾತು ಹೊರಡಲಿಲ್ಲ.

ಆಗ ಕುರ್ಚಿಯಲ್ಲಿ ಕೂತಿದ್ದ ನಮ್ಮಕ್ಕ ಗದರಿದಳು, "ಏನ್ ನಗ್ತೀರಿ? ಇವನಿಗಿಂತ ಮುಂಚೆ ಹುಟ್ಟಿದ ಗಂಡುಮಕ್ಕಳು ಒಂದೂ ಉಳೀಲಿಲ್ಲ. ಅವ್ವ ಇವನನ್ನ ತಿಪ್ಪೆ ಮೇಲೆ ಹೊರಳಾಡಿಸಿ ತಿಪ್ಪಯ್ಯ ಅಂತ ಹೆಸರಿಟ್ಟಳು. ಕೊಳಕು ಹೆಸರಿಗೆ ಕೆಟ್ಟ ಕಣ್ಣು ಬೀಳಲ್ಲ. ನೋಡಿ, ಗುಂಡುಕಲ್ಲಿನಂಗೆ ಅವ್ನೆ!"

ನಗು ನಿಂತಿತು. ಅಜ್ಜಿಯರೆಲ್ಲ ತಲೆಯಾಡಿಸಿದರು. ನನಗೆ ಹೋದ ಉಸಿರು ಬಂತು, ಉಸಿರಿನ ಹಿಂದೆ ಬಾಯಿಯೂ ಬಂತು. "ಮತ್ತೆ? ಅದಕ್ಕೇ ಕಣ್ರೀ ಹುಡುಕಿ ಹುಡುಕಿ ಈ ಹೆಸರಿಟ್ಟಿದ್ದು!"

ಬೀಗರು ಮೊಬೈಲು ಜೇಬಿಗಿಟ್ಟು ಹುಡುಗಿ ಕಿವಿಯಲ್ಲಿ ಕೇಳಿದರು, "ನಿಮ್ಮೂರಲ್ಲಿ ಇದಕ್ಕಿಂತ ಗಬ್ಬು ಹಕ್ಕಿ ಯಾವುದಾದ್ರೂ ಇದ್ಯೇನಮ್ಮ?"

ಹೆಂಡತಿ ಮಾತ್ರ ಬಾಗಿಲ ಮೇಲಿನ ದೃಷ್ಟಿಬೊಂಬೆ ಬಿಚ್ಚಿಸೋಕೆ ಶುರು ಮಾಡಿದಳು.

"ಅದನ್ಯಾಕೆ ತೆಗೀತೀಯೇ?" ಅಂದೆ.

"ಇನ್ಯಾಕ್ರೀ ಇದು? ಗೇಟಲ್ಲಿ ಹಕ್ಕಿ ಇದೆ, ಜಗಲಿ ಮೇಲೆ ನೀವಿರ್ತೀರಿ."